ಸಾಂಪ್ರದಾಯಿಕ ಬಿಲ್ಲಿಗೆ ಬಾಣದ ಮೊನೆ ಆರಿಸುವ ಕ್ರಮ: ಕರಾವಳಿಯ ಬಿಲ್ಲುಗಾರರಿಗೆ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯಲ್ಲಿ ಬಿದಿರಿನ ಬಿಲ್ಲನ್ನೋ, ಉದ್ದನೆಯ ಸರಳ ಬಿಲ್ಲಾದ ಲಾಂಗ್‌ಬೋವನ್ನೋ, ತುದಿಗಳು ಮುಂದಕ್ಕೆ ಬಾಗಿರುವ ಮರದ ರಿಕರ್ವ್ ಬಿಲ್ಲನ್ನೋ ಹೊಸದಾಗಿ ಕೈಗೆತ್ತಿಕೊಳ್ಳುವವರು ಬಿಲ್ಲಿನ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಬಾಣದ ಮೊನೆಯ ವಿಷಯದಲ್ಲಿ ಮಾತ್ರ ಬಾಣದ ಜೊತೆ ಬಂದದ್ದನ್ನೇ ಒಪ್ಪಿಕೊಂಡುಬಿಡುತ್ತಾರೆ. ಬಾಣವು ಬಿಲ್ಲಿನಿಂದ ಹೊರಡುವಾಗ ಎಷ್ಟು ಬಾಗುತ್ತದೆ, ಎಷ್ಟು ಬೇಗ ನೆಟ್ಟಗಾಗುತ್ತದೆ, ಗಾಳಿಯಲ್ಲಿ ಎಷ್ಟು ಸ್ಥಿರವಾಗಿ ಸಾಗುತ್ತದೆ ಎಂಬ ಮೂರನ್ನೂ ಅದರ ಮುಂತುದಿಯಲ್ಲಿ ಕುಳಿತಿರುವ ಆ ಕೆಲವೇ ಗ್ರಾಂ ಲೋಹ ಬದಲಿಸಬಲ್ಲದು. ಆದ್ದರಿಂದ ಮೊನೆಯನ್ನು ಎಲ್ಲಕ್ಕಿಂತ ಕೊನೆಯಲ್ಲಿ, ಬಿಲ್ಲಿನ ನಿಜವಾದ ಬಲ ಮತ್ತು ಬಾಣದ ಕೋಲಿನ ಬಿಗುವು (ಅದು ಎಷ್ಟು ಗಟ್ಟಿ, ಎಷ್ಟು ಮೆದು ಎಂಬುದು) ತಿಳಿದ ಮೇಲೆಯೇ ಆರಿಸಬೇಕು. ಆರಿಸುವಾಗಲೂ ಮೊದಲು ತೂಕವನ್ನು, ಆಮೇಲೆ ಆಕಾರವನ್ನು ನೋಡಬೇಕು.

ಕ್ರಮಕ್ಕೆ ಬರುವ ಮುನ್ನ ಕಾನೂನಿನ ಮಾತನ್ನು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅಡಿಕೆ ಮತ್ತು ತೆಂಗಿನ ತೋಟವಿರುವವರು ಕಾಡುಹಂದಿಗೆ ಯಾವ ಅಲಗು ಸರಿಯಾದೀತು ಎಂದು ಕೇಳುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸುತ್ತದೆ. ಆ ಕಾಯ್ದೆಯ ವ್ಯಾಖ್ಯೆಯಂತೆ ಕೊಲ್ಲುವುದಷ್ಟೇ ಅಲ್ಲ, ಕೊಲ್ಲಲು ನಡೆಸುವ ಪ್ರಯತ್ನವೂ ಬೇಟೆಯೇ ಆಗುತ್ತದೆ. ಸೋಮೇಶ್ವರ ಅಥವಾ ಮೂಕಾಂಬಿಕಾ ಅಭಯಾರಣ್ಯದ ಒಳಗಷ್ಟೇ ಈ ನಿಷೇಧವಿದೆ ಎಂಬುದು ತಪ್ಪು ತಿಳಿವಳಿಕೆ, ಅದು ನಮ್ಮ ಸ್ವಂತ ತೋಟದ ಬೇಲಿಯ ಒಳಗೂ ಅನ್ವಯಿಸುತ್ತದೆ. ಕೆಡ್ಡಸ ಹಬ್ಬದ ದಿನಗಳಲ್ಲಿ ಊರವರು ಸೇರಿ ಬೋಂಟೆಗೆ, ಅಂದರೆ ಬೇಟೆಗೆ, ಹೋಗುತ್ತಿದ್ದ ಪದ್ಧತಿ ತುಳುನಾಡಿನ ಹಿರಿಯರ ನೆನಪಿನಲ್ಲಿ ಇನ್ನೂ ಇದೆಯಾದರೂ, ಆ ನೆನಪು ಇಂದು ಯಾರಿಗೂ ಪರವಾನಗಿಯಾಗುವುದಿಲ್ಲ. ಬೆಳೆಹಾನಿ ನಿಜವಾದ ಸಂಕಟ. ಅದಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕೇ ಹೊರತು ಬಾಣ ಅದಕ್ಕೆ ಪರಿಹಾರವಲ್ಲ. ಹೀಗಾಗಿ ಈ ಲೇಖನದ ಬಹುಭಾಗ ಗುರಿಹಲಗೆಗೆ ಹೊಡೆಯುವ ಮೊನೆಗಳ ಬಗ್ಗೆ ಇದೆ. ಬೇಟೆಯ ಅಲಗಿನ ವಿಚಾರವನ್ನು, ಅದು ಕಾನೂನುಬದ್ಧವಾಗಿರುವ ದೇಶಗಳಲ್ಲಿ ನೆಲೆಸಿರುವ ನಮ್ಮವರಿಗಾಗಿ, ಮುಂದೆ ಪ್ರತ್ಯೇಕವಾಗಿ ಹೇಳಿದ್ದೇನೆ.

ಮೊದಲನೆಯ ಹೆಜ್ಜೆ: ಬಿಲ್ಲಿನ ಬಲವನ್ನು ನಿಮ್ಮ ಎಳೆತದಲ್ಲಿ ಅಳೆಯುವುದು

ಬಿಲ್ಲಿನ ಮೇಲೆ ಬರೆದಿರುವ ಪೌಂಡ್ ಲೆಕ್ಕ ಸಾಮಾನ್ಯವಾಗಿ 28 ಇಂಚಿನ ಎಳೆತಕ್ಕೆ ಸಂಬಂಧಿಸಿದ್ದು. ನಮ್ಮಲ್ಲಿ ಅನೇಕರ ಎಳೆತ 26 ಅಥವಾ 27 ಇಂಚು ಇರುತ್ತದೆ. ಪ್ರತಿ ಇಂಚಿಗೆ ಸರಿಸುಮಾರು 2ರಿಂದ 3 ಪೌಂಡ್ ವ್ಯತ್ಯಾಸವಾಗುವುದರಿಂದ, 35 ಪೌಂಡ್ ಎಂದು ಬರೆದ ಬಿಲ್ಲು 26 ಇಂಚು ಎಳೆಯುವವರ ಕೈಯಲ್ಲಿ 30 ಪೌಂಡಿನ ಆಸುಪಾಸಿನ ಬಿಲ್ಲಾಗಿರುತ್ತದೆ. ಅಂದಾಜು ಬೇಡವೆನ್ನುವವರು ಗಲ್ಫ್ ಪ್ರಯಾಣಿಕರಿರುವ ಕರಾವಳಿಯ ಮನೆಗಳಲ್ಲಿ ಸುಲಭವಾಗಿ ಸಿಗುವ ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಬಳಸಬಹುದು. ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ, ನೀವು ಪೂರ್ತಿ ಎಳೆದಾಗ ಹೆದೆ ನಿಲ್ಲುವಷ್ಟೇ ದೂರಕ್ಕೆ ನಿಧಾನವಾಗಿ ಎಳೆದು, ತೋರಿದ ಕಿಲೋಗ್ರಾಂ ಸಂಖ್ಯೆಯನ್ನು 2.2ರಿಂದ ಗುಣಿಸಿದರೆ ಪೌಂಡ್ ದೊರೆಯುತ್ತದೆ. ಎಳೆತದ ಉದ್ದವನ್ನು ಒಬ್ಬರೇ ಅಳೆಯಲು ಹೋಗಬೇಡಿ. ಉದ್ದನೆಯ ಬಾಣವೊಂದನ್ನು ಎಳೆದು ನಿಂತಾಗ ಇನ್ನೊಬ್ಬರು ಪಕ್ಕದಿಂದ ಬಿಲ್ಲಿನ ಮುಂಬದಿಯ ನೇರಕ್ಕೆ ಬಾಣದ ಮೇಲೆ ಗುರುತು ಹಾಕಲಿ.

ಎರಡನೆಯ ಹೆಜ್ಜೆ: ಕೋಲಿನ ಬಿಗುವು

ಹೆದೆ ಹಿಂದಿನಿಂದ ತಳ್ಳಿದಾಗ ಮೊನೆಯ ಜಡತ್ವ ಮುಂದಿನಿಂದ ತಡೆಯುತ್ತದೆ, ನಡುವೆ ಸಿಕ್ಕ ಕೋಲು ಬಾಗುತ್ತದೆ. ಹಾಗೆ ಬಾಗುತ್ತಲೇ ಬಾಣ ಬಿಲ್ಲಿನ ಹಿಡಿಕೆಯನ್ನು ಬಳಸಿಕೊಂಡು ಹೊರಗೆ ಹೋಗುತ್ತದೆ. ಹಿಡಿಕೆಯಲ್ಲಿ ಬಾಣಕ್ಕಾಗಿ ಕಿಟಕಿಯಂತೆ ಕೊರೆದಿರದ ಬಿದಿರಿನ ಬಿಲ್ಲಿನಲ್ಲಿ ಬಾಣ ಹೆಚ್ಚು ದೂರ ಬಳಸಿ ಹೋಗಬೇಕಾಗುವುದರಿಂದ ಕೋಲು ಸ್ವಲ್ಪ ಮೆದುವಾಗಿರಬೇಕು. ನಡುವಿನವರೆಗೆ ಕೊರೆದಿರುವ ರಿಕರ್ವ್ ಬಿಲ್ಲು ಗಟ್ಟಿಯಾದ ಕೋಲನ್ನೂ ಸಹಿಸುತ್ತದೆ. ಈ ಬಿಗುವನ್ನೇ ಬಿಲ್ಲುಗಾರರು ಸ್ಪೈನ್ ಎನ್ನುತ್ತಾರೆ.

ಕಾರ್ಬನ್ ಕೋಲಿನ ಮೇಲೆ 500, 600, 700 ಎಂಬ ಸಂಖ್ಯೆಗಳಿರುತ್ತವೆ, ಸಂಖ್ಯೆ ದೊಡ್ಡದಾದಷ್ಟೂ ಕೋಲು ಮೆದು. ಮರದ ಕೋಲುಗಳನ್ನು 30–35, 35–40 ಎಂದು ಪೌಂಡ್ ಲೆಕ್ಕದಲ್ಲಿ ವಿಂಗಡಿಸಿ ಮಾರುತ್ತಾರೆ, ಅಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಕೋಲು ಗಟ್ಟಿ. ಎರಡು ಪದ್ಧತಿಗಳೂ ಒಂದಕ್ಕೊಂದು ತಿರುಗಿ ನಿಂತಿರುವುದನ್ನು ಗಮನಿಸದೆ ಕೋಲು ತರಿಸಿಕೊಂಡು ಕಷ್ಟಪಟ್ಟವರಿದ್ದಾರೆ.

ಮರದ ಅಥವಾ ಬಿದಿರಿನ ಕೋಲಿನ ಬಿಗುವನ್ನು ಮನೆಯಲ್ಲೇ ಅಳೆಯಬಹುದು. 26 ಇಂಚು, ಅಂದರೆ 66 ಸೆಂಟಿಮೀಟರ್ ಅಂತರದಲ್ಲಿ ಎರಡು ಮೊಳೆಗಳನ್ನು ಹಲಗೆಗೆ ಒಂದೇ ಎತ್ತರದಲ್ಲಿ ಹೊಡೆದು, ಅವುಗಳ ಮೇಲೆ ಕೋಲನ್ನಿಟ್ಟು, ನಡುವಿಗೆ 2 ಪೌಂಡ್, ಅಂದರೆ ಸುಮಾರು 907 ಗ್ರಾಂ ತೂಕವನ್ನು ತೂಗುಹಾಕಿ. ನೀರು ತುಂಬಿಸಿ ಸರಿತೂಗಿಸಿದ ಒಂದು ಲೀಟರಿನ ಬಾಟಲಿ ಸಾಕು. ಕೋಲು ಎಷ್ಟು ಮಿಲಿಮೀಟರ್ ಕೆಳಗೆ ಬಾಗಿತೆಂದು ನೋಡಿ, 660ನ್ನು ಆ ಸಂಖ್ಯೆಯಿಂದ ಭಾಗಿಸಿ. 22 ಮಿಲಿಮೀಟರ್ ಬಾಗಿದರೆ 30 ಪೌಂಡ್, 16.5 ಮಿಲಿಮೀಟರ್ ಬಾಗಿದರೆ 40 ಪೌಂಡ್. ಕೋಲನ್ನು ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ ಅಳೆಯುವುದು ಅಗತ್ಯ, ಏಕೆಂದರೆ ಮರದ ಎಳೆಯ ದಿಕ್ಕಿಗೆ ತಕ್ಕಂತೆ ಬಿಗುವು ಬದಲಾಗುತ್ತದೆ. ಗಟ್ಟಿಯಾದ ಬದಿಯೇ ಬಿಲ್ಲಿನ ಕಡೆಗೆ ಬರುವಂತೆ ನಾಕ್, ಅಂದರೆ ಹೆದೆಗೆ ಸಿಕ್ಕಿಸುವ ಬಾಣದ ಹಿಂತುದಿಯ ಕಚ್ಚನ್ನು, ಕೂರಿಸಬೇಕು.

ಈ ಅಳತೆಯ ಮೇಲೆ ಮೊನೆಯ ಪ್ರಭಾವ ಇಷ್ಟು: ಮೊನೆ ಭಾರವಾದರೆ ಅದೇ ಕೋಲು ಹಾರುವಾಗ ಮೆದುವಾದಂತೆ ವರ್ತಿಸುತ್ತದೆ, ಹಗುರವಾದರೆ ಗಟ್ಟಿಯಾದಂತೆ. ಕೋಲನ್ನು ಕತ್ತರಿಸಿದರೂ ಗಟ್ಟಿಯಾಗುತ್ತದೆ, ಆದರೆ ಕತ್ತರಿಸಿದ್ದನ್ನು ಮತ್ತೆ ಕೂಡಿಸಲಾಗದು. ಮೊನೆಯನ್ನಾದರೆ ಎಷ್ಟು ಬಾರಿಯಾದರೂ ಬದಲಿಸಬಹುದು. ಆದ್ದರಿಂದ ಕೋಲನ್ನು ಮೊದಲು ಒಂದೆರಡು ಇಂಚು ಉದ್ದವಾಗಿಯೇ ಉಳಿಸಿಕೊಂಡು ಮೊನೆಯಿಂದ ಹೊಂದಿಸಲು ಯತ್ನಿಸಿ, ಗರಗಸವನ್ನು ಕೊನೆಗೆ ಕೈಗೆತ್ತಿಕೊಳ್ಳಿ.

ಮೂರನೆಯ ಹೆಜ್ಜೆ: ಒಟ್ಟು ತೂಕದ ಲೆಕ್ಕ

ಬಾಣದ ಲೋಕದಲ್ಲಿ ತೂಕವನ್ನು ಗ್ರೇನ್‌ಗಳಲ್ಲಿ ಹೇಳುತ್ತಾರೆ. ಒಂದು ಗ್ರಾಂಗೆ 15.43 ಗ್ರೇನ್. 100 ಗ್ರೇನ್ ಮೊನೆ 6.5 ಗ್ರಾಂ, 125 ಗ್ರೇನ್ ಮೊನೆ 8.1 ಗ್ರಾಂ ತೂಗುತ್ತದೆ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು. ಚಿನ್ನದ ಕೆಲಸದವರಲ್ಲಿರುವಂತಹ, ಗ್ರಾಂನ ಹತ್ತನೇ ಒಂದು ಭಾಗವನ್ನಾದರೂ ತೋರಿಸುವ ಪುಟ್ಟ ತಕ್ಕಡಿ ಬೇಕು. ಒಂದೇ ಪೊಟ್ಟಣದಲ್ಲಿ ಬಂದ ಅಗ್ಗದ ಮೊನೆಗಳ ತೂಕದಲ್ಲೂ ವ್ಯತ್ಯಾಸವಿರುವುದುಂಟು, ಎಲ್ಲವನ್ನೂ ತೂಗಿ ಸಮವಾದವನ್ನು ಒಂದು ಜೊತೆ ಮಾಡಿಕೊಳ್ಳಬೇಕು.

ಮರದ ಬಿಲ್ಲಿಗೆ ಪ್ರತಿ ಪೌಂಡ್ ಬಲಕ್ಕೆ 8ರಿಂದ 10 ಗ್ರೇನ್ ಬಾಣ ಎಂಬುದು ಬಹುಕಾಲದಿಂದ ನಡೆದುಬಂದ ಸುರಕ್ಷಿತ ಲೆಕ್ಕ. ಬಾಣ ತೀರ ಹಗುರವಾದರೆ ಬಿಲ್ಲಿನ ಶಕ್ತಿ ಬಾಣಕ್ಕೆ ಹೋಗದೆ ಬಿಲ್ಲಿನಲ್ಲೇ ಉಳಿದು ಅದನ್ನು ನಡುಗಿಸುತ್ತದೆ. ಅದು ಹೆಚ್ಚುಕಡಿಮೆ ಬಾಣವಿಲ್ಲದೆ ಬರಿಹೆದೆ ಎಳೆದು ಬಿಟ್ಟಷ್ಟೇ ಹಾನಿಕರ, ಬಿದಿರಿನ ಬಿಲ್ಲು ಸೀಳಿಯೂ ಹೋದೀತು. ಮೇಲೆ ಹೇಳಿದ ಬಿಲ್ಲನ್ನೇ 31 ಪೌಂಡ್ ಎಂದು ತೆಗೆದುಕೊಳ್ಳಿ: ಬಾಣದ ಒಟ್ಟು ತೂಕ 248ರಿಂದ 310 ಗ್ರೇನ್ ಇರಬೇಕು. 100 ಗ್ರೇನ್ ಮೊನೆ ಸೇರಿ ಬಾಣ 280 ಗ್ರೇನ್ ಇದ್ದರೆ ಪೌಂಡಿಗೆ 9 ಗ್ರೇನ್ ಆಯಿತು. ಮೊನೆಯನ್ನು 125ಕ್ಕೆ ಏರಿಸಿದರೆ 305 ಗ್ರೇನ್, ಅಂದರೆ ಪೌಂಡಿಗೆ 9.8. ಎರಡೂ ಸರಿಯೇ. ನನ್ನ ಅಭಿಪ್ರಾಯದಲ್ಲಿ ಹೊಸಬರು ಎರಡನೆಯದರ ಕಡೆಗೆ ವಾಲುವುದು ಒಳ್ಳೆಯದು, ಏಕೆಂದರೆ ಸ್ವಲ್ಪ ನಿಧಾನವಾದ ಬಾಣ ಬಿಲ್ಲನ್ನು ಶಾಂತವಾಗಿಡುತ್ತದೆ ಮತ್ತು ಬೆರಳು ಬಿಡುವಾಗಿನ ಸಣ್ಣ ದೋಷಗಳನ್ನು ಕ್ಷಮಿಸುತ್ತದೆ. ವೇಗದ ಆಸೆಯಿಂದ ಹಗುರ ಮೊನೆಗೆ ಹೋಗುವವರಿಗೆ 20 ಮೀಟರಿನಲ್ಲಿ ಅದರಿಂದ ಸಿಗುವ ಲಾಭ ಬಹಳ ಕಡಿಮೆ.

ತೂಕ ಎಲ್ಲಿ ಕುಳಿತಿದೆ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ. ಮೊನೆ ಹಾಕಿದ ಬಾಣವನ್ನು ಬೆರಳಿನ ಮೇಲೆ ತೂಗಿಸಿ, ಸಮತೋಲದ ಬಿಂದು ನಾಕಿನಲ್ಲಿ ಹೆದೆ ಕೂರುವ ಸೀಳಿನಿಂದ ಎಷ್ಟು ದೂರವಿದೆಯೆಂದು ಅಳೆಯಿರಿ. ಅದರಿಂದ ಬಾಣದ ಅರ್ಧ ಉದ್ದವನ್ನು ಕಳೆದು, ಉಳಿದದ್ದನ್ನು ಪೂರ್ತಿ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ. 71 ಸೆಂಟಿಮೀಟರ್ ಬಾಣ 43 ಸೆಂಟಿಮೀಟರಿನಲ್ಲಿ ತೂಗಿದರೆ ಶೇಕಡಾ 10.6 ಆಯಿತು. ಸಾಂಪ್ರದಾಯಿಕ ಬಿಲ್ಲಿಗೆ ಶೇಕಡಾ 10ರಿಂದ 15ರ ಒಳಗಿದ್ದರೆ ಸಾಕು. ಇತ್ತೀಚೆಗೆ ಮುಂಭಾಗವನ್ನು ಇನ್ನೂ ಬಹಳ ಭಾರ ಮಾಡುವ ರೂಢಿ ಕಾಣುತ್ತಿದೆ; ಗುರಿಹಲಗೆಗೆ ಹೊಡೆಯುವವರಿಗೆ ಅದರ ಅಗತ್ಯವಿಲ್ಲ, ದೂರ ಹೆಚ್ಚಾದಂತೆ ಅಂತಹ ಬಾಣ ಬೇಗ ಕೆಳಗಿಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಗರಿಯಿಲ್ಲದ ಬಾಣದಿಂದ ಪರೀಕ್ಷೆ

ಇದುವರೆಗಿನ ಲೆಕ್ಕಗಳು ನಿಮ್ಮನ್ನು ಸರಿಯಾದ ನೆರೆಹೊರೆಗೆ ತಂದು ನಿಲ್ಲಿಸುತ್ತವೆ, ಬಾಗಿಲು ತೋರಿಸುವುದು ಈ ಪರೀಕ್ಷೆ. ಒಂದೇ ಬಗೆಯ ಮೂರು ಬಾಣಗಳಿಗೆ ಗರಿ ಅಂಟಿಸಿ, ಇನ್ನೆರಡನ್ನು ಬರಿಗೋಲಾಗಿಯೇ ಬಿಡಿ. ಎಲ್ಲಕ್ಕೂ ಒಂದೇ ತೂಕದ ಮೊನೆ ಇರಲಿ. ಹತ್ತು ಮೀಟರಿನಷ್ಟು ಹತ್ತಿರದಿಂದ, ದೊಡ್ಡ ಹಾಗೂ ಮೆದುವಾದ ಗುರಿಹಲಗೆಗೆ ಎಲ್ಲವನ್ನೂ ಹೊಡೆಯಿರಿ. ಬಲಗೈಯಿಂದ ಹೆದೆ ಎಳೆಯುವವರಿಗೆ ಬರಿಗೋಲು ಗರಿಯ ಬಾಣಗಳಿಗಿಂತ ಎಡಕ್ಕೆ ಬಿದ್ದರೆ ಕೋಲು ಗಟ್ಟಿಯಾಗಿದೆ ಎಂದರ್ಥ: ಮೊನೆಯ ತೂಕ ಹೆಚ್ಚಿಸಿ. ಬಲಕ್ಕೆ ಬಿದ್ದರೆ ಕೋಲು ಮೆದುವಾಗಿದೆ: ಮೊನೆಯ ತೂಕ ಇಳಿಸಿ, ಅಷ್ಟರಿಂದಲೂ ಸರಿಯಾಗದಿದ್ದರೆ ಕೋಲನ್ನು ಕಾಲು ಇಂಚಿನಷ್ಟು ಕತ್ತರಿಸಿ ಮತ್ತೆ ನೋಡಿ. ಎಡಗೈಯವರಿಗೆ ಇದು ತಿರುಗಿಸಿ ಅನ್ವಯಿಸುತ್ತದೆ. ಬರಿಗೋಲು ಕೆಳಗೆ ಬಿದ್ದರೆ ಅದಕ್ಕೂ ಮೊನೆಗೂ ಸಂಬಂಧವಿಲ್ಲ. ಹೆದೆಯ ಮೇಲೆ ನಾಕ್ ಕೂರುವ ಗುರುತು ತುಸು ಮೇಲಿದೆ, ಅದನ್ನು ಕೆಳಗಿಳಿಸಬೇಕು.

ಈ ಪರೀಕ್ಷೆಗಾಗಿ 100, 125, 145 ಗ್ರೇನ್ ಮೊನೆಗಳನ್ನು ಎರಡೆರಡು ಮಾತ್ರ ತರಿಸಿಕೊಂಡರೆ ಸಾಕು. ಡಜನ್ ಖರೀದಿ ತೀರ್ಮಾನವಾದ ಮೇಲಿರಲಿ. ಒಂದು ಎಚ್ಚರಿಕೆ: ದಣಿದ ಕೈಯಿಂದ ಈ ಪರೀಕ್ಷೆ ಮಾಡಬಾರದು. ಎಳೆತ ಅರ್ಧ ಇಂಚು ಕುಗ್ಗಿದರೂ ಬಾಣ ಗಟ್ಟಿಯಾದಂತೆ ತೋರಿ, ಇಲ್ಲದ ದೋಷಕ್ಕೆ ಮದ್ದು ಮಾಡಿದಂತಾಗುತ್ತದೆ.

ಐದನೆಯ ಹೆಜ್ಜೆ: ಆಕಾರ

ತೂಕ ನಿಶ್ಚಯವಾದ ಮೇಲೆ ಆಕಾರದ ಆಯ್ಕೆ ಸುಲಭ, ಅದನ್ನು ನೀವು ಯಾವುದಕ್ಕೆ ಹೊಡೆಯುತ್ತೀರಿ ಎಂಬುದೇ ಹೇಳುತ್ತದೆ. ಬೈಹುಲ್ಲನ್ನು ಬಿಗಿದು ಕಟ್ಟಿದ ಗುರಿಹಲಗೆಗೆ ಮತ್ತು ಫೋಮ್ ಹಲಗೆಗೆ, ಕೋಲಿನಷ್ಟೇ ದಪ್ಪವಿದ್ದು ನಯವಾಗಿ ಮೊನಚಾಗುವ ಗುಂಡಿನಾಕಾರದ ಮೊನೆ ಒಳ್ಳೆಯದು. ಎಳೆದು ತೆಗೆಯುವಾಗ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ನಡುವೆ ಮೆಟ್ಟಿಲಿನಂತೆ ತಗ್ಗಿ ಮುಂದೆ ಸಪೂರವಾಗುವ ಫೀಲ್ಡ್ ಪಾಯಿಂಟ್ ಬಯಲಿನಲ್ಲಿ ಮಣ್ಣಿನ ದಿಬ್ಬಕ್ಕೆ, ಕೊಳೆತ ಮರದ ಬೊಡ್ಡೆಗೆ ಹೊಡೆಯುವವರಿಗೆ ಅನುಕೂಲ. ಹುಲ್ಲು ಬೆಳೆದ ಬಯಲಿನಲ್ಲಿ ಬಾಣ ಹುಲ್ಲಿನ ಬುಡಕ್ಕೆ ನುಗ್ಗಿ ಕಾಣೆಯಾಗುವುದನ್ನು ತಡೆಯಲು, ಮೊಂಡು ತಲೆಯ ಹಿಂದೆ ಸ್ಪ್ರಿಂಗಿನ ಪುಟ್ಟ ಕೈಗಳಿರುವ ಜೂಡೋ ಪಾಯಿಂಟ್ ಎಂಬ ಬಗೆಯಿದೆ. ಮಳೆಗಾಲ ಕಳೆದ ಮೇಲಿನ ನಮ್ಮ ಗುಡ್ಡಗಳಿಗೆ ಅದರಷ್ಟು ಉಪಯುಕ್ತವಾದದ್ದು ಬೇರಿಲ್ಲ.

ಮುರಕಲ್ಲಿನ ಬಗ್ಗೆ ಇಲ್ಲಿ ಒತ್ತಿ ಹೇಳಬೇಕು. ಮಂಗಳೂರಿನಿಂದ ಕುಂದಾಪುರದವರೆಗೆ ನಮ್ಮ ಕಾಂಪೌಂಡು ಗೋಡೆಗಳೂ ಗುಡ್ಡದ ಮೈಗಳೂ ಮುರಕಲ್ಲಿನವೇ ಆಗಿರುವುದರಿಂದ, ಅದರ ಮುಂದೆ ಗುರಿಹಲಗೆ ನಿಲ್ಲಿಸಿ ಅಭ್ಯಾಸ ಮಾಡುವುದು ಸಾಮಾನ್ಯವಾಗಿದೆ. ಗುರಿ ತಪ್ಪಿದ ಬಾಣ ಕಲ್ಲಿಗೆ ಬಡಿದಾಗ ಮೊನೆ ಮೊಂಡಾಗುವುದು ಚಿಕ್ಕ ನಷ್ಟ. ಮೊನೆಯ ಹಿಂದೆಯೇ ಕೋಲು ಕಣ್ಣಿಗೆ ಕಾಣದಂತೆ ಬಿರುಕು ಬಿಡುವುದು, ಬಾಣ ಪುಟಿದು ಹಿಂದಕ್ಕೆ ಬರುವುದು ಅಪಾಯಕಾರಿ. ಕಲ್ಲಿಗೆ ಬಡಿದ ಬಾಣವನ್ನು ಕೈಯಲ್ಲಿ ಬಾಗಿಸಿ, ತಿರುಚಿ, ಕಿವಿಯ ಬಳಿ ಹಿಡಿದು ಸದ್ದು ಕೇಳದೆ ಮತ್ತೆ ಹೆದೆಗೇರಿಸಬೇಡಿ. ಬಿರುಕು ಬಿಟ್ಟ ಕಾರ್ಬನ್ ಕೋಲು ಬಿಡುವಾಗ ಒಡೆದರೆ ಅದರ ಚೂರು ಬಿಲ್ಲು ಹಿಡಿದ ಕೈಗೆ ಹೊಕ್ಕುತ್ತದೆ. ಗೋಡೆಯ ಮುಂದೆ ಮೆದು ಮಣ್ಣನ್ನು ದಿಬ್ಬ ಮಾಡಿ ಹಾಕಿಸಿಕೊಳ್ಳುವುದು ಒಂದು ದಿನದ ಕೆಲಸ.

ಸ್ಪರ್ಧೆಗೆ ಹೋಗುವವರು ನಿಯಮವನ್ನೂ ನೋಡಬೇಕು. ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಒಕ್ಕೂಟವಾದ ವರ್ಲ್ಡ್ ಆರ್ಚರಿಯ ನಿಯಮದಂತೆ ಕೋಲಿನ ವ್ಯಾಸ 9.3 ಮಿಲಿಮೀಟರ್, ಮೊನೆಯ ವ್ಯಾಸ 9.4 ಮಿಲಿಮೀಟರ್ ಮೀರಬಾರದು. ಲಾಂಗ್‌ಬೋ ವಿಭಾಗದಲ್ಲಿ ಮರದ ಕೋಲು ಮತ್ತು ಹಕ್ಕಿಯ ಗರಿಯೇ ಇರಬೇಕು. ನಮ್ಮ ದೇಶದ ಇಂಡಿಯನ್ ರೌಂಡ್ ಎಂಬ ಸ್ಪರ್ಧಾ ವಿಭಾಗದಲ್ಲಿ ಬಿದಿರಿನ ಬಿಲ್ಲಿನಿಂದ 50 ಮತ್ತು 30 ಮೀಟರಿಗೆ ಹೊಡೆಯುತ್ತಾರೆ. 50 ಮೀಟರಿಗೆ ಹೊಡೆಯಬೇಕಾದವರು ಮೊನೆಯ ತೂಕದಲ್ಲಿ ಧಾರಾಳವಾಗಿರಲಾಗದು. ಬರಿಗೋಲಿನ ಪರೀಕ್ಷೆ ಒಪ್ಪುವ ತೂಕಗಳಲ್ಲಿ ಹಗುರವಾದದ್ದನ್ನು ಆರಿಸಿಕೊಳ್ಳಲಿ.

ಆರನೆಯ ಹೆಜ್ಜೆ: ಕೂರಿಸುವುದು

ಮರದ ಕೋಲುಗಳು ಸಾಮಾನ್ಯವಾಗಿ 5/16, 11/32, 23/64 ಇಂಚು ದಪ್ಪದಲ್ಲಿ ಬರುತ್ತವೆ, ಮಿಲಿಮೀಟರಿನಲ್ಲಿ ಕ್ರಮವಾಗಿ 7.9, 8.7 ಮತ್ತು 9.1. ಮೊನೆಯನ್ನು ಅದೇ ಅಳತೆಯಲ್ಲಿ ಕೊಳ್ಳಬೇಕು. ಅಂಟಿಸುವ ಮೊನೆಗಾಗಿ ಕೋಲಿನ ತುದಿಯನ್ನು 5 ಡಿಗ್ರಿ ಕೋನದಲ್ಲಿ ಶಂಕುವಿನಂತೆ ಹೆರೆಯಬೇಕು. ಪೆನ್ಸಿಲ್ ಶಾರ್ಪನರಿನಂತಹ ಉಪಕರಣ ಇದಕ್ಕೆಂದೇ ಸಿಗುತ್ತದೆ. ಹೆರೆದ ಭಾಗಕ್ಕೆ ವಾರ್ನಿಷ್ ಹಚ್ಚಬೇಡಿ, ಅಂಟು ಹಿಡಿಯುವುದಿಲ್ಲ. ಹಾಟ್‌ಮೆಲ್ಟ್ ಅಂಟಿನಿಂದ ಕೂರಿಸುವಾಗ ಮೊನೆಯನ್ನು ಇಕ್ಕುಳದಲ್ಲಿ ಹಿಡಿದು ಬಿಸಿ ಮಾಡಬೇಕೇ ಹೊರತು ಮರವನ್ನಲ್ಲ. ಅರಾಲ್ಡೈಟ್ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆಯಾದರೂ ಮೊನೆ ಬದಲಿಸುವುದು ಕಷ್ಟವಾಗುತ್ತದೆ, ಆದ್ದರಿಂದ ತೂಕದ ತೀರ್ಮಾನ ಆಗುವವರೆಗೆ ಅದನ್ನು ಮುಟ್ಟಬೇಡಿ. ಕಾರ್ಬನ್ ಕೋಲನ್ನು ಬೆಂಕಿಯ ಬಳಿಗೆ ಒಯ್ಯಲೇಬಾರದು. ಅದಕ್ಕೆ ತಿರುಪಿನ ಮೊನೆಯೇ ಸರಿ. ಕೂರಿಸಿದ ಮೇಲೆ ಬಾಣದ ಮೊನೆಯನ್ನು ಗಾಜಿನ ಮೇಲೆ ಊರಿ ಬುಗುರಿಯಂತೆ ತಿರುಗಿಸಿ ನೋಡಿ. ನಡುಗಿದರೆ ಮೊನೆ ಓರೆಯಾಗಿದೆ, ಬಿಸಿ ಮಾಡಿ ತೆಗೆದು ಮತ್ತೆ ಕೂರಿಸಬೇಕು.

ಬೇಟೆಯ ಅಲಗಿನ ವಿಚಾರ

ಅಮೆರಿಕದಂತಹ ದೇಶಗಳಲ್ಲಿ ನೆಲೆಸಿ, ಅಲ್ಲಿನ ಪರವಾನಗಿ ಪಡೆದು, ಸಾಂಪ್ರದಾಯಿಕ ಬಿಲ್ಲಿನಿಂದ ಬೇಟೆಗೆ ಹೋಗುವ ನಮ್ಮ ಜಿಲ್ಲೆಗಳವರು ಇದ್ದರೆ ಅವರಿಗೆ ಇಷ್ಟು ಹೇಳಬಹುದು. ಮೊದಲು ಆ ಸ್ಥಳದ ಕಾನೂನು: ಬ್ರಿಟನ್ನಿನಲ್ಲಿ ಬಿಲ್ಲಿನ ಬೇಟೆಗೆ ಅನುಮತಿಯೇ ಇಲ್ಲ, ಅಮೆರಿಕದ ಅನೇಕ ರಾಜ್ಯಗಳಲ್ಲಿ ಬಿಲ್ಲಿನ ಕನಿಷ್ಠ ಬಲವೂ ಅಲಗಿನ ಕನಿಷ್ಠ ಅಗಲವೂ ನಿಗದಿಯಾಗಿವೆ. ಬ್ರಾಡ್‌ಹೆಡ್ ಎಂಬ ಅಗಲ ಅಲಗಿನ ಮೊನೆ ಬಡಿತದಿಂದ ಕೊಲ್ಲುವುದಿಲ್ಲ, ರಕ್ತನಾಳಗಳನ್ನು ಕತ್ತರಿಸಿ ಕೊಲ್ಲುತ್ತದೆ. ಹರಿತವಿಲ್ಲದ ಅಲಗು ಪ್ರಾಣಿಯನ್ನು ಗಾಯಗೊಳಿಸಿ ದಿನಗಟ್ಟಲೆ ನರಳಿಸುತ್ತದೆ. ಸಾಂಪ್ರದಾಯಿಕ ಬಿಲ್ಲಿನ ಶಕ್ತಿ ತುದಿಗಳಲ್ಲಿ ರಾಟೆಗಳಿರುವ ಕಾಂಪೌಂಡ್ ಬಿಲ್ಲಿಗಿಂತ ಕಡಿಮೆಯಿರುವುದರಿಂದ, ಬಡಿದಾಗ ತೆರೆದುಕೊಳ್ಳುವ ಯಾಂತ್ರಿಕ ಅಲಗು ಅದಕ್ಕೆ ತಕ್ಕದ್ದಲ್ಲ. ತೆರೆದುಕೊಳ್ಳುವುದಕ್ಕೇ ಶಕ್ತಿಯ ಒಂದು ಪಾಲು ವ್ಯಯವಾಗುತ್ತದೆ. ಸ್ಥಿರವಾದ ಎರಡು ಅಲಗಿನ, ಅಗಲಕ್ಕಿಂತ ಮೂರು ಪಟ್ಟು ಉದ್ದವಿರುವ ಸಪೂರ ಮೊನೆ ಆಳಕ್ಕೆ ಇಳಿಯುತ್ತದೆ ಎಂಬುದು ಈ ಬಿಲ್ಲುಗಾರರಲ್ಲಿ ನೆಲೆಗೊಂಡ ಅನುಭವ. ಮೂರು ಅಲಗಿನದು ದೊಡ್ಡ ಗಾಯ ಮಾಡುತ್ತದೆ, ಆದರೆ ಹೆಚ್ಚು ಬಲ ಬೇಡುತ್ತದೆ. ಒಂದೇ ಬದಿಗೆ ಮಸೆದ ಅಲಗನ್ನು ಆರಿಸುವವರು, ಬಲಕ್ಕೆ ಮಸೆದದ್ದಕ್ಕೆ ಬಲರೆಕ್ಕೆಯ ಗರಿಯನ್ನೂ ಎಡಕ್ಕೆ ಮಸೆದದ್ದಕ್ಕೆ ಎಡರೆಕ್ಕೆಯ ಗರಿಯನ್ನೂ ಜೋಡಿಸಬೇಕು. ಇಲ್ಲವಾದರೆ ಗಾಳಿಯಲ್ಲಿ ಒಂದು ಕಡೆಗೆ ತಿರುಗಿದ ಬಾಣ ಒಳಹೊಕ್ಕ ಮೇಲೆ ಇನ್ನೊಂದು ಕಡೆಗೆ ತಿರುಗಲು ಯತ್ನಿಸುತ್ತದೆ.

ಅಲಗಿನ ತೂಕ ಅಭ್ಯಾಸದ ಮೊನೆಯ ತೂಕಕ್ಕೆ ಸಮವಾಗಿರಬೇಕು. ಆಗಲೂ ಬೇಟೆಗೆ ಮುನ್ನ ಅದೇ ಅಲಗಿನಿಂದ ಹೊಡೆದು ನೋಡಲೇಬೇಕು, ಏಕೆಂದರೆ ಮುಂತುದಿಯ ಅಲಗು ತಾನೇ ರೆಕ್ಕೆಯಂತೆ ಗಾಳಿಯನ್ನು ಹಿಡಿದು, ಸಾಧಾರಣ ಮೊನೆ ಮುಚ್ಚಿಟ್ಟ ದೋಷಗಳನ್ನೆಲ್ಲ ಹೊರಗೆಡಹುತ್ತದೆ. ಊರಿಗೆ ಬರುವಾಗ ಅದನ್ನು ಪೆಟ್ಟಿಗೆಯಲ್ಲಿ ತಂದು ಇಲ್ಲಿನ ಗುರಿಹಲಗೆಗೆ ಹೊಡೆದು ತೋರಿಸಬೇಡಿ. ಅದು ಹಲಗೆಯನ್ನು ಸೀಳುತ್ತದೆ, ಬಾಣ ಕೀಳಲು ಹೋದ ಮಕ್ಕಳ ಕೈಯನ್ನೂ ಸೀಳಬಲ್ಲದು.

ಮಳೆಗಾಲದ ಪಾಲನೆ

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ನಮ್ಮ ಊರುಗಳಲ್ಲಿ ಉಕ್ಕಿನ ಮೊನೆ ಜೂನ್ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ. ತುಕ್ಕಿನಿಂದ ಒರಟಾದ ಮೊನೆಯನ್ನು ಹಲಗೆಯಿಂದ ಕೀಳುವಾಗ ಅಂಟು ಸಡಿಲಗೊಂಡು ಮೊನೆ ಒಳಗೇ ಉಳಿಯುತ್ತದೆ. ಸ್ಟೇನ್‌ಲೆಸ್ ಅಥವಾ ಹಿತ್ತಾಳೆಯ ಮೊನೆ ಸಿಕ್ಕರೆ ಬೆಲೆ ಸ್ವಲ್ಪ ಹೆಚ್ಚಾದರೂ ಕೊಳ್ಳಿ. ಉಕ್ಕಿನದೇ ಇದ್ದರೆ ಹೊಡೆದು ಮುಗಿದ ಕೂಡಲೇ ಒಣಬಟ್ಟೆಯಿಂದ ಒರಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ಮನೆಯಲ್ಲಿ ಕೈಗೆಟಕುವ ತೆಂಗಿನೆಣ್ಣೆ ಕೆಲವು ವಾರಗಳಲ್ಲಿ ಅಂಟಂಟಾಗಿ ಧೂಳನ್ನು ಹಿಡಿಯುತ್ತದೆ. ಬಾಣಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರೆ ತೇವ ಎಳೆದುಕೊಂಡ ಮರ ಬಾಗುತ್ತದೆ. ಮೂರು ಕಡೆ ಆಧಾರ ಕೊಟ್ಟು ಮಲಗಿಸಿಡಿ, ಅಥವಾ ನಾಕಿನ ಕಡೆಯಿಂದ ತೂಗುಹಾಕಿ. ಸೆಪ್ಟೆಂಬರ್ ಕಳೆದು ಬಿಸಿಲು ಬಂದಾಗ ಪ್ರತಿಯೊಂದನ್ನೂ ಮತ್ತೆ ತೂಗಿ, ಗಾಜಿನ ಮೇಲೆ ತಿರುಗಿಸಿ, ಮೊನೆಯನ್ನು ಬೆರಳಿನಿಂದ ತಿರುಚಿ ನೋಡಿ. ಅಂಟು ಬಿಟ್ಟಿರುವವನ್ನು ಬೇರೆಯಿಟ್ಟು ಹೊಸದಾಗಿ ಕೂರಿಸಿದ ನಂತರವೇ ಅಭ್ಯಾಸಕ್ಕೆ ತೆಗೆದುಕೊಳ್ಳಿ.